ಇಲಿ ಪಾಷಾಣಕ್ಕೆ ಕಡಿವಾಣ: ಅಧಿಕಾರ ಊರಿಗಿರಬೇಕೆ?

ಪರ
*ತಾಲ್ಲೂಕು ಆಸ್ಪತ್ರೆಯೊಂದರ ವೈದ್ಯೆ*

ಇಲಿ ಪಾಷಾಣವೆಂದು ನಾವು ಒಂದೇ ಹೆಸರಿನಿಂದ ಕರೆಯುವ ಸರಕಿನಲ್ಲಿ ಹಲವು ಬಗೆಗಳಿವೆ. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಬ್ರೋಮಾಡಿಯೋಲೋನ್ ಮನುಷ್ಯರ ಹೊಟ್ಟೆಗೆ ಹೋದರೆ ವಿಟಮಿನ್ ಕೆ ಎಂಬ ಮದ್ದಾದರೂ ಇದೆ. ಜಠರದಲ್ಲಿ ಫಾಸ್ಫೀನ್ ಅನಿಲವನ್ನು ಬಿಡುವ ಜಿಂಕ್ ಫಾಸ್ಫೈಡಿಗೆ ಅಂಥ ಮದ್ದಿಲ್ಲ, ಹಳದಿ ರಂಜಕದ ಪೇಸ್ಟಿಗೂ ಇಲ್ಲ. ಕಿರಾಣಿ ಅಂಗಡಿಯಲ್ಲಿ ಹಲ್ಲುಜ್ಜುವ ಪೇಸ್ಟಿನ ಪಕ್ಕದಲ್ಲಿ ನಾನು ಕಂಡದ್ದು ಈ ಕೊನೆಯದನ್ನು.

ಆರು ವರ್ಷದ ಹುಡುಗನೊಬ್ಬ ಅದನ್ನು ಹಲ್ಲುಜ್ಜುವ ಪೇಸ್ಟೆಂದೇ ಬಗೆದು ಬ್ರಷ್ಷಿಗೆ ಹಚ್ಚಿಕೊಂಡಿದ್ದ. ಮೊದಲ ದಿನ ವಾಂತಿಯಾಯಿತು, ಎರಡನೆಯ ದಿನ ಎದ್ದು ಕುಳಿತು ಇಡ್ಲಿ ಕೇಳಿದ. ‘ಗುಣವಾಯಿತಲ್ಲ ಮೇಡಂ, ಮನೆಗೆ ಕರೆದುಕೊಂಡು ಹೋಗಲೇ’ ಎಂದು ತಾಯಿ ಕೇಳಿದಾಗ ನನಗೆ ಅವಳ ಮುಖ ನೋಡಲಾಗಲಿಲ್ಲ, ಏಕೆಂದರೆ ಈ ವಿಷದ ಲಕ್ಷಣವೇ ಅದು: ನಡುವೆ ಒಂದೆರಡು ದಿನ ಎಲ್ಲವೂ ಸರಿಹೋದಂತೆ ತೋರಿಸಿ, ಆಮೇಲೆ ಯಕೃತ್ತನ್ನು ಹಿಡಿಯುತ್ತದೆ. ನಾಲ್ಕನೆಯ ದಿನ ಕಣ್ಣು ಹಳದಿಯಾಯಿತು. ಮಂಗಳೂರಿಗೆ ಕಳುಹಿಸಿದೆವು, ಹುಡುಗ ಹಿಂದಿರುಗಲಿಲ್ಲ.

ಆ ಪೇಸ್ಟನ್ನು ಊರಿನಲ್ಲಿ ಮಾರಕೂಡದೆಂದು ನಿಷೇಧಿಸುವ ಅಧಿಕಾರವನ್ನು 1968ರ ಕೀಟನಾಶಕ ಕಾಯ್ದೆ ಗ್ರಾಮ ಪಂಚಾಯಿತಿಗೆ ಕೊಟ್ಟಿಲ್ಲ. ರಾಜ್ಯ ಸರ್ಕಾರಕ್ಕಾದರೂ 27ನೆಯ ಕಲಮಿನಡಿ ಸಿಕ್ಕಿರುವುದು 60 ದಿನಗಳ ತಡೆ, ತನಿಖೆ ಮುಗಿಯದಿದ್ದರೆ ಇನ್ನೊಂದು 30 ದಿನ; ಶಾಶ್ವತ ನಿರ್ಧಾರ ದೆಹಲಿಯದು. ಗೇರು ತೋಟಗಳ ಮೇಲೆ ಸಿಂಪಡಿಸುತ್ತಿದ್ದ ಎಂಡೋಸಲ್ಫಾನ್ ಎಂಬ ಕೀಟನಾಶಕದ ಪ್ರಕರಣದಲ್ಲಿ ನಾವು ಇದನ್ನೇ ಕಂಡೆವು. ಬೆಳ್ತಂಗಡಿಯ ಕೊಕ್ಕಡ, ಪಟ್ರಮೆಯ ಮನೆಗಳಲ್ಲಿ ಅಂಗವಿಕಲ ಮಕ್ಕಳು ಬೆಳೆಯುತ್ತಿದ್ದುದನ್ನು ಊರು ಮೊದಲೇ ಬಲ್ಲುದಾಗಿತ್ತು; 2011ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರಕ್ಕೆ ಮಾಡಲಾದದ್ದು 60 ದಿನಗಳ ನಿಷೇಧ, ದೇಶಕ್ಕೆಲ್ಲ ಅನ್ವಯಿಸುವ ತಡೆ ಬಂದದ್ದು ಆ ವರ್ಷದ ಮೇ 13ರ ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶದಿಂದ. ಹೆಣ ಎತ್ತುವ ಊರಿಗೆ ವಿಷವನ್ನು ತಡೆಯುವ ಅಧಿಕಾರವಿಲ್ಲವೆಂದರೆ ಅದಾವ ಸ್ವರಾಜ್ಯ?

ಇಲಿಗಳಿಂದ ಬೆಳೆ ಹೋಗುತ್ತದೆ ಎನ್ನುವವರಿದ್ದಾರೆ. ಅಡಿಕೆ, ತೆಂಗುಗಳ ಲೆಕ್ಕವನ್ನು ಮಗುವಿನ ಲೆಕ್ಕದ ಪಕ್ಕದಲ್ಲಿ ಬರೆಯಬಲ್ಲವರೊಂದಿಗೆ ನಾನು ವಾದಿಸಲಾರೆ.

ವಿರೋಧ
*ಕೃಷಿಕ, ಗ್ರಾಮ ಪಂಚಾಯಿತಿಯ ಮಾಜಿ ಸದಸ್ಯ*

ಈ ಪಕ್ಷವನ್ನು ವಹಿಸಬೇಕೆಂದು ಸಂಪಾದಕರು ಕೇಳಿದ್ದರಿಂದ ಬರೆಯುತ್ತಿದ್ದೇನೆ. ವೈದ್ಯರ ಮಾತಿನಂತೆ ನಡೆದರೆ ನಾಳೆ ಗ್ರಾಮಸಭೆಯಲ್ಲಿ ಇಲಿಗಳಿಗೂ ಒಂದು ಸಾಲು ಕುರ್ಚಿ ಹಾಕಬೇಕಾದೀತು. ಇಲಿಯೆಂದರೆ ಬೆಳೆನಷ್ಟವಷ್ಟೇ ಅಲ್ಲ. 1898ರ ಪ್ಲೇಗು ಬೆಂಗಳೂರನ್ನು ಬರಿದು ಮಾಡಿದ್ದನ್ನೂ, ಅದರ ಬೆನ್ನಿಗೇ ಮಲ್ಲೇಶ್ವರ, ಬಸವನಗುಡಿಗಳು ಎದ್ದದ್ದನ್ನೂ ಮರೆಯಬಾರದು. ನಮ್ಮ ಕರಾವಳಿ, ಮಲೆನಾಡುಗಳ ಗದ್ದೆಗಳಲ್ಲಿ ಇಲಿಜ್ವರ ಇಂದಿಗೂ ಇದೆ.

ಇನ್ನು ಕಾನೂನು. ವಿಷಗಳ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ, ರಾಜ್ಯಗಳೆರಡೂ ಅದರ ಮೇಲೆ ಕಾನೂನು ಮಾಡಬಹುದು. 1919ರ ವಿಷ ಕಾಯ್ದೆಯ ಪ್ರಕಾರ ಮಾರಾಟವನ್ನು ನಿಯಂತ್ರಿಸುವ ನಿಯಮಗಳನ್ನು ರಾಜ್ಯವೇ ಮಾಡಬಹುದು, ಆಸಿಡ್ ಮಾರಾಟಕ್ಕೆ ಆ ಕಾಯ್ದೆಯಡಿ ನಿಯಮ ಮಾಡಿರೆಂದು 2013ರಲ್ಲಿ ಸುಪ್ರೀಂ ಕೋರ್ಟು ಹೇಳಿಯೂ ಇತ್ತು. ಇರುವ ಅಧಿಕಾರವನ್ನು ಬಳಸದೆ ಹೊಸದನ್ನು ಕೇಳುವುದೇಕೆ?

ಪಂಚಾಯಿತಿಯ ಕೈಗೆ ಕೊಟ್ಟರೆ ಏನಾಗುತ್ತದೆಂದು ನಾನು ಐದು ವರ್ಷ ಒಳಗೆ ಕುಳಿತು ನೋಡಿದ್ದೇನೆ. ಪ್ಲಾಸ್ಟಿಕ್ ಕೈಚೀಲ ಬೇಡವೆಂದು ನಿರ್ಣಯ ಮಾಡಿದೆವು. ದೊಡ್ಡ ಅಂಗಡಿ ಉಪಾಧ್ಯಕ್ಷರ ಭಾವನದು, ಆದ್ದರಿಂದ ದಂಡ ಬಿದ್ದದ್ದು ಬಸ್ ನಿಲ್ದಾಣದ ಬಳಿ ಮೀನು ಮಾರುವ ಹೆಂಗಸಿಗೆ ಮಾತ್ರ. ಹೊಳೆಯ ಆಚೆ ದಡ ಬೇರೆ ಪಂಚಾಯಿತಿ. ವಾರದೊಳಗೆ ಚೀಲದ ಕಟ್ಟುಗಳು ಅಲ್ಲಿಂದ ಕಾಲುಸಂಕ ದಾಟಿ ಬರತೊಡಗಿದವು. ನಿರ್ಣಯಕ್ಕೆ ಸಹಿ ಹಾಕಿದ್ದ ನಾನೇ ಒಂದು ದಿನ ಅಂಥ ಚೀಲದಲ್ಲಿ ಬೂತಾಯಿ ತಂದೆನೆಂದು ಮನೆಯಾಕೆ ಇಂದಿಗೂ ಆಡಿಕೊಳ್ಳುತ್ತಾಳೆ. ಚೀಲವನ್ನೇ ತಡೆಯಲಾಗದ ನಾವು ಅಂಗಿಯ ಜೇಬಿನಲ್ಲಿ ಹಿಡಿಸುವ ಪೊಟ್ಟಣವನ್ನು ತಡೆದೇವೆ?

ನನ್ನ ತೆಂಗಿನ ಮರಗಳ ಸುಳಿಗೆ ಬ್ರೋಮಾಡಿಯೋಲೋನ್ ಬಿಲ್ಲೆ ಇಡಿಸದಿದ್ದರೆ ತೂತು ಬಿದ್ದ ಎಳೆಗಾಯಿಗಳನ್ನೇ ಮರದ ಬುಡದಲ್ಲಿ ಆರಿಸಬೇಕಾಗುತ್ತದೆ. ಈ ಬಿಲ್ಲೆಯೂ ವೈದ್ಯರು ಹೇಳಿದ ಪೇಸ್ಟೂ ಒಂದೇ ಎಂದು ಯಾರೋ ಸದಸ್ಯರು ಕೈಯೆತ್ತಿ ತೀರ್ಮಾನಿಸುವುದು ನನಗೆ ಒಪ್ಪಿಗೆಯಿಲ್ಲ. ಹಳದಿ ರಂಜಕದ ಪೇಸ್ಟಿನ ಮಾತು ಬೇರೆ. ಅದನ್ನು ನಾನು ಎಂದೂ ಮನೆಯೊಳಗೆ ತಂದವನಲ್ಲ. ದೆಹಲಿಯವರು ಅದನ್ನು ನಾಳೆಯೇ ನಿಲ್ಲಿಸಿದರೂ ನನ್ನ ತಕರಾರಿಲ್ಲ.