ಸ್ಪಷ್ಟನೆ: ನ್ಯೂಟ್ರಲ್‌ನಲ್ಲಿದ್ದರೂ ಟಿಲ್ಲರ್ ಬ್ಲೇಡಿಗೆ ಕೈ ಹಾಕಬೇಡಿ

“ಬ್ಲೇಡಿಗೆ ಹುಲ್ಲು ಸುತ್ತಿಕೊಂಡರೆ ಯಂತ್ರ ಬಂದ್ ಮಾಡುವುದು ಬೇಡ, ನ್ಯೂಟ್ರಲ್ ಮಾಡಿ ಕಿತ್ತರೆ ಸಾಕು. ಮಳೆ ನಿಂತ ಕೂಡಲೇ ಹೊಡೆದರೆ ಎರೆ ಮಣ್ಣು ಬೆಣ್ಣೆಯಂತೆ ಏಳುತ್ತದೆ.” ಟಿಲ್ಲರ್ (ಮಣ್ಣು ಉಳುವ ಯಂತ್ರ) ಬಗ್ಗೆ ವಿಜಯಪುರ ಜಿಲ್ಲೆಯ ಇಂಡಿ ಕಡೆಯ ನಿಂಬೆ ಬೆಳೆಗಾರರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿರುವ ಈ ಎರಡೂ ಮಾತು ತಪ್ಪು.

ಮೊದಲನೆಯದಂತೂ ಬೆರಳು ಕಳೆಯುವ ಸಲಹೆ. ಎಂಜಿನ್ ಓಡುತ್ತಿದ್ದರೆ ಗೇರ್ ಜಾರಿ ಬೀಳಬಹುದು, ಕ್ಲಚ್ ಪೂರ್ತಿ ಬಿಡದೆ ಬ್ಲೇಡು ತಿರುಗಬಹುದು. ಎಂಜಿನ್ ನಿಲ್ಲಿಸಿ, ಪೆಟ್ರೋಲ್ ಯಂತ್ರವಾದರೆ ಸ್ಪಾರ್ಕ್ ಪ್ಲಗ್ಗಿನ ಕ್ಯಾಪನ್ನೂ ಕಿತ್ತಿಟ್ಟು, ಆಮೇಲೆ ಕುಡುಗೋಲಿನಿಂದ ಹುಲ್ಲು ಕೊಯ್ಯಿರಿ. ಧೋತರ ಉಟ್ಟವರು ಚುಂಗು ಮೇಲೆ ಕಟ್ಟಿಕೊಳ್ಳಿ. ಯಂತ್ರವನ್ನು ಹಿಂದಕ್ಕೆ ಎಳೆಯುವಾಗ ಬ್ಲೇಡು ತಿರುಗುತ್ತಿರಬಾರದು.

ಇನ್ನು ಮಣ್ಣಿನ ಮಾತು. ಹಸಿ ಎರೆಯನ್ನು ಉತ್ತರೆ ಹೆಂಟೆ ಎದ್ದು, ಒಣಗಿದ ಮೇಲೆ ಕಲ್ಲಾಗುತ್ತದೆ. 3-4 ಇಂಚು ಕೆಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ನೋಡಿ: ಉಂಡೆ ಬೆರಳಿನಿಂದ ಒತ್ತಿದರೆ ಪುಡಿಯಾಗಬೇಕು, ಅಂಟಿದರೆ ಇನ್ನೂ ಹದ ಬಂದಿಲ್ಲ. (ನಮ್ಮ ಅಜ್ಜಂದಿರಿಗೆ ಇದನ್ನು ಯಾರೂ ಫಾರ್ವರ್ಡ್ ಮಾಡಿರಲಿಲ್ಲ.) ಮೊದಲ ಸುತ್ತು 2 ಇಂಚಿಗಿಂತ ಆಳ ಬೇಡ. ನಿಂಬೆ ಗಿಡದ ಬುಡದಲ್ಲಿ ಮಾತ್ರ ಯಂತ್ರವೇ ಬೇಡ, ಕುರ್ಚಿಗೆಯಿಂದ ಕಳೆ ತೆಗೆಯಿರಿ. ಆಹಾರ ಹೀರುವ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ.