ಹೋಲಿಕೆಯೇ ಹಳ್ಳಕ್ಕೆ ತಳ್ಳುತ್ತದೆ: ಥಾಯ್ಲೆಂಡಿಗೆ ಹೊರಟ ಇಂಗ್ಲಿಷ್ ಮೇಷ್ಟ್ರಿಗೆ

ದಾವಣಗೆರೆ, ಚಿತ್ರದುರ್ಗದ ಕಡೆ ಬಿ.ಎಡ್. ಇಲ್ಲವೇ ಎಂ.ಎ. ಇಂಗ್ಲಿಷ್ ಮುಗಿಸಿ ಖಾಸಗಿ ಶಾಲೆಯ ಸಂಬಳದಲ್ಲಿ ಒದ್ದಾಡುತ್ತಿರುವ ಹುಡುಗ ಹುಡುಗಿಯರು ಥಾಯ್ಲೆಂಡಿನ ಶಾಲೆಗಳ ಬಗ್ಗೆ ವಿಚಾರಿಸುತ್ತಾರೆ. ಸಂಬಳ ಕೇಳುತ್ತಾರೆ, ಊಟ ಕೇಳುತ್ತಾರೆ, ಕೊನೆಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ: ‘ಬಿಡಿ, ಅಲ್ಲೂ ಎಲ್ಲ ನಮ್ಮ ಹಾಗೇ ಅಂತೆ.’ ನನ್ನ ತಕರಾರು ಇರುವುದು ಈ ಮಾತಿಗೆ. ಲಂಡನ್ನಿಗೆ ಹೋಗುವವರು ಎಲ್ಲವೂ ಬೇರೆ ಎಂದುಕೊಂಡೇ ವಿಮಾನ ಹತ್ತುತ್ತಾರೆ, ಹಾಗಾಗಿ ಹುಷಾರಾಗಿರುತ್ತಾರೆ. ಥಾಯ್ಲೆಂಡಿನಲ್ಲಿ ಕೈಮುಗಿಯುತ್ತಾರೆ, ಚಪ್ಪಲಿ ಹೊರಗೆ ಬಿಡುತ್ತಾರೆ, ಅನ್ನ ಉಣ್ಣುತ್ತಾರೆ, ಮೇಷ್ಟ್ರನ್ನು ‘ಖ್ರೂ’ ಎನ್ನುತ್ತಾರೆ, ಅದು ನಮ್ಮ ಗುರುವೇ. ಇಷ್ಟು ಕಂಡ ಕೂಡಲೇ ನಮ್ಮವರು ಹುಷಾರು ತಪ್ಪುತ್ತಾರೆ.

ಕೈಮುಗಿಯುವುದನ್ನೇ ನೋಡಿ. ನಮ್ಮಲ್ಲಿ ಯಾರು ಯಾರಿಗೆ ಮೊದಲು ನಮಸ್ಕಾರ ಹೇಳಿದರೂ ನಡೆಯುತ್ತದೆ, ಮೊದಲು ಹೇಳಿದವರೇ ದೊಡ್ಡವರು ಎನ್ನುವುದೂ ಉಂಟು. ಅಲ್ಲಿಯ ‘ವಾಯ್’ಗೆ ಮೆಟ್ಟಿಲುಗಳಿವೆ. ಕಿರಿಯರು ಮೊದಲು ಮಾಡಬೇಕು, ಹಿರಿಯರು ಮರಳಿಸಬೇಕು. ಶಾಲೆಯ ಮುಖ್ಯಸ್ಥರಿಗೆ ಮಾಡುವಾಗ ಹೆಬ್ಬೆರಳ ತುದಿ ಮೂಗಿನ ಮಟ್ಟಕ್ಕೆ, ಭಿಕ್ಷುಗಳಿಗೆ ಹುಬ್ಬಿನ ಮಟ್ಟಕ್ಕೆ. ಮಕ್ಕಳು ಮಾಡಿದರೆ ಎದೆಯ ಹತ್ತಿರ ಕೈ ಜೋಡಿಸಿಯೋ ತಲೆಯಾಡಿಸಿಯೋ ಉತ್ತರಿಸಿದರೆ ಸಾಕು. ವಿನಯ ತೋರಿಸೋಣವೆಂದು ನೀವೇ ಮೊದಲು ಮಕ್ಕಳಿಗೆ ಕೈಮುಗಿದರೆ ಅವರಿಗೆ ಮುಜುಗರ. ತಲೆ ಸವರಿ ‘ಶಭಾಷ್’ ಎನ್ನುವ ನಮ್ಮ ಪ್ರೀತಿಯನ್ನೂ ಊರಲ್ಲೇ ಬಿಟ್ಟು ಹೋಗಿ, ಅಲ್ಲಿ ತಲೆ ಮುಟ್ಟುವ ಜಾಗವಲ್ಲ. ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆಯಬೇಡಿ, ಅದು ಸತ್ತವರ ಹೆಸರಿನ ಬಣ್ಣ. ಹೆಣ್ಣುಮಕ್ಕಳು ಭಿಕ್ಷುಗಳ ಕೈಗೆ ನೇರವಾಗಿ ಏನನ್ನೂ ಕೊಡುವಂತಿಲ್ಲ.

ಇವೆಲ್ಲ ಒಂದು ವಾರದಲ್ಲಿ ಅಭ್ಯಾಸವಾಗುತ್ತವೆ. ಬಿಡದೆ ಕಾಡುವುದು ಬೈಗುಳ. ‘ತಲೆಯಲ್ಲೇನು ಮಣ್ಣು ತುಂಬ್ಕೊಂಡಿದೀಯೇನೋ?’ ಎಂದರೆ ನಮ್ಮ ಹುಡುಗ ಹಲ್ಲು ಕಿರಿದು ಕೂರುತ್ತಾನೆ, ಸಂಜೆ ಅದೇ ಮೇಷ್ಟ್ರ ಬೈಕಿನ ಹಿಂದೆ ಕೂತು ಮನೆಗೂ ಹೋಗುತ್ತಾನೆ. ಅಲ್ಲಿ ನಲವತ್ತು ಜನರ ಎದುರು ಒಬ್ಬನನ್ನು ಎಬ್ಬಿಸಿ ದಬಾಯಿಸಿದರೆ ಅವನು ನಗುತ್ತಾನೆ ನಿಜ, ಆದರೆ ಆ ವರ್ಷವಿಡೀ ನಿಮ್ಮ ಪಾಠದಲ್ಲಿ ಬಾಯಿ ಬಿಡುವುದು ಅನುಮಾನ. ಉಳಿದವರೂ ಮುಂದಿನ ಸರದಿ ತಮ್ಮದೇನೋ ಎಂದು ತೆಪ್ಪಗಾಗುತ್ತಾರೆ. ಮಗ್ಗುಲಲ್ಲಿರುವ ಥಾಯ್ ಸಹಶಿಕ್ಷಕಿ ನಿಮ್ಮ ಮುಖಕ್ಕೆ ಏನೂ ಹೇಳುವುದಿಲ್ಲ. ಒಪ್ಪಂದ ಮುಂದುವರಿಯದಿದ್ದಾಗಲೇ ನಿಮಗೆ ಗೊತ್ತಾಗುವುದು. ನಮ್ಮ ಬಯಲುಸೀಮೆಯ ದನಿಯೇ ಜೋರು. ಸಿಟ್ಟಿಲ್ಲದೆ ಮಾತಾಡಿದರೂ ಜಗಳದಂತೆ ಕೇಳಿಸುತ್ತದೆ. ಹೊರಡುವ ಮುನ್ನ ಅದನ್ನು ಎರಡು ಮೆಟ್ಟಿಲು ಇಳಿಸಿಕೊಳ್ಳುವುದು ಯಾವ ತರಬೇತಿ ಪ್ರಮಾಣಪತ್ರಕ್ಕಿಂತಲೂ ಉಪಯೋಗಿ ಎಂಬುದು ನನ್ನ ಅಭಿಪ್ರಾಯ.

‘ಅರ್ಥವಾಯ್ತಾ?’ ಎಂಬ ಪ್ರಶ್ನೆ ಎರಡೂ ಕಡೆ ದಂಡ, ಎರಡೂ ಕಡೆ ಒಕ್ಕೊರಲಿನಲ್ಲಿ ‘ಯೆಸ್’ ಬರುತ್ತದೆ. ಒಬ್ಬನನ್ನೇ ಕೇಳುವ ಬದಲು ಇಬ್ಬಿಬ್ಬರಿಗೆ ಎರಡು ನಿಮಿಷ ಮಾತಾಡಿಕೊಳ್ಳಲು ಬಿಡಿ, ಆಮೇಲೆ ಜೋಡಿಯಿಂದ ಉತ್ತರ ತೆಗೆಯಿರಿ. ತಪ್ಪಾದರೆ ಇಬ್ಬರಿಗೂ ಸೇರಿದ್ದು, ಯಾರ ಮಾನವೂ ಹೋಗುವುದಿಲ್ಲ. ಕೈಯಲ್ಲಿ ಹಿಡಿಯುವ ಸಣ್ಣ ಬಿಳಿ ಹಲಗೆ ಕೊಟ್ಟು ಉತ್ತರ ಬರೆಸಿ ಒಟ್ಟಿಗೆ ಎತ್ತಿ ತೋರಿಸಲು ಹೇಳಿದರೆ ಇನ್ನೂ ಒಳ್ಳೆಯದು. ಅಂಕದ ವಿಷಯಕ್ಕೆ ಬಂದರೆ, ಮೂವತ್ತೈದಕ್ಕೆ ಪಾಸಾಗಿ ಬೆಳೆದ ನಮಗೆ ಅಲ್ಲಿಯ 50ರ ಗೆರೆ ಕಠಿಣ ಎನಿಸುತ್ತದೆ. ಹಾಗೇನಿಲ್ಲ. ಕೆಳಗೆ ಬಿದ್ದವರಿಗೆ ಮರುಪರೀಕ್ಷೆ ಕೊಟ್ಟು ದಾಟಿಸುವ ಹೊಣೆ ಮೇಷ್ಟ್ರದ್ದೇ. ಫೇಲು ಮಾಡಿ ಪಾಠ ಕಲಿಸುತ್ತೇನೆ ಎಂದು ಹಟ ಹಿಡಿದರೆ ಕೆಲಸ ಹೆಚ್ಚುವುದು ನಿಮಗೇ.

ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷನ್ನು ಹೊರಗಿನಿಂದ ಕಲಿತವರಿಗೆ ಉಚ್ಚಾರಣೆಯ ಪಾಠದಲ್ಲಿ ಒಂದು ಲಾಭವಿದೆ. ನಾಲಿಗೆ ಎಲ್ಲಿ ಎಡವುತ್ತದೆ ಎಂಬುದನ್ನು ಅವರು ಸ್ವತಃ ಅನುಭವಿಸಿದ್ದಾರೆ. ಆದರೆ ನಾವು ಎಡವುವ ಕಡೆ ಬೇರೆ, ಅವರದು ಬೇರೆ. ನಾವು ಕೊನೆಗೆ ಸ್ವರ ಅಂಟಿಸುತ್ತೇವೆ: ಬಸ್ಸು, ಬುಕ್ಕು. ಮೊದಲಿಗೆ ಯಕಾರ, ವಕಾರ ಅಂಟಿಸುತ್ತೇವೆ: ಎಗ್ ಹೋಗಿ ಯೆಗ್ಗು, ಓನ್ಲಿ ಹೋಗಿ ವೋನ್ಲಿ. ಅವರು ಕೊನೆಯದನ್ನು ನುಂಗುತ್ತಾರೆ. ಥಾಯ್ ಭಾಷೆಯಲ್ಲಿ ಪದದ ಕೊನೆಗೆ ಪ್, ತ್, ಕ್, ಮ್, ನ್, ಙ್, ಯ್, ವ್ ಬಿಟ್ಟರೆ ಬೇರೆ ವ್ಯಂಜನ ನಿಲ್ಲುವುದಿಲ್ಲ, ನಿಂತ ಪ್, ತ್, ಕ್ ಕೂಡ ಅರ್ಧಕ್ಕೇ ಮುಚ್ಚಿಕೊಳ್ಳುತ್ತವೆ. ಹಾಗಾಗಿ ಸ್ಕೂಲ್ ಎನ್ನುವುದು ‘ಸಕೂನ್’ ಆಗುತ್ತದೆ, ಹೌಸ್ ‘ಹೌತ್’ ಆಗುತ್ತದೆ. ರೈಸ್, ರೈಟ್, ರೈಡ್ ಮೂರೂ ಒಂದೇ ಸದ್ದು.

ಬಹುವಚನದ ‘ಸ್’, ‘ಶಿ ಗೋಸ್’ನ ಕೊನೆ, ಭೂತಕಾಲದ ‘ಡ್’ ಎಲ್ಲ ಇರುವುದು ಪದದ ತುದಿಯಲ್ಲೇ. ಸಾಲದ್ದಕ್ಕೆ ಥಾಯ್ ಕ್ರಿಯಾಪದ ಕಾಲಕ್ಕಾಗಲಿ, ಆಳಿಗಾಗಲಿ ರೂಪ ಬದಲಿಸುವುದಿಲ್ಲ. ‘ಬಂದೆ, ಬಂದಳು, ಬಂದರು’ ಎಂದು ಹೇಳಿ ಬೆಳೆದ ನಮಗೆ ಇದು ತಟ್ಟನೆ ಹೊಳೆಯದು. ಹುಡುಗಿ ‘ಶಿ ಗೋ’ ಎಂದರೆ ತಪ್ಪು ನಾಲಿಗೆಯದೋ ವ್ಯಾಕರಣದ್ದೋ ಎಂದು ಮೊದಲು ತಿಳಿಯಬೇಕು. ಅದೇ ವಾಕ್ಯವನ್ನು ಬರೆಸಿ. ಬರೆದದ್ದು ಸರಿಯಿದ್ದರೆ ನಾಲಿಗೆಯದು: ಕ್ಯಾಟ್–ಕ್ಯಾಟ್ಸ್, ರೈಟ್–ರೈಸ್ ಎಂಬ ಜೋಡಿಗಳನ್ನು ಹೇಳಿಸಿ, ಕೊನೆಯ ‘ಸ್’ ಅನ್ನು ಹಾವು ಬುಸುಗುಟ್ಟಿದಂತೆ ಉದ್ದ ಎಳೆಸಿ, ಕ್ರಮೇಣ ಕಡಿಮೆ ಮಾಡಿಸಿ. ಬರೆದದ್ದೂ ತಪ್ಪಿದ್ದರೆ ಎಷ್ಟು ಹೇಳಿಸಿದರೂ ಪ್ರಯೋಜನವಿಲ್ಲ, ನಿಯಮದಿಂದ ಶುರುಮಾಡಬೇಕು. ಈ ಪಾಠ ಮಾಡುವ ಮೊದಲು ನಿಮ್ಮ ‘ಬಸ್ಸು’ ತಿದ್ದಿಕೊಂಡಿರಿ. ಅದನ್ನು ಕೇಳಿದ ಮಕ್ಕಳು ಎರಡು ತುಂಡಿನ ಪದವೆಂದೇ ಕಲಿಯುತ್ತಾರೆ.

ಇನ್ನು ನಮ್ಮವರನ್ನು ಪೂರ್ತಿ ಕರಗಿಸುವುದು ‘ವಾಯ್ ಖ್ರೂ’, ಗುರುವಂದನೆಯ ದಿನ. ಹೆಚ್ಚಿನ ಶಾಲೆಗಳಲ್ಲಿ ಜೂನ್ ತಿಂಗಳ ಒಂದು ಗುರುವಾರ ನಡೆಯುತ್ತದೆ. ತಟ್ಟೆಯಲ್ಲಿ ಗರಿಕೆ, ಬದನೆ ಹೂ, ಕೇಪಳದ ಹೂ, ಭತ್ತದ ಅರಳು. ಗರಿಕೆ ಬೇಗ ಹಬ್ಬುತ್ತದೆ, ವಿದ್ಯೆಯೂ ಹಾಗೇ ಹಬ್ಬಲಿ ಎಂದು. ಬದನೆ ಹೂ ಕೆಳಮುಖವಾಗಿ ಬಾಗಿರುತ್ತದೆ, ಅದು ವಿನಯ. ಕೇಪಳದ ಮೊಗ್ಗಿನ ಚೂಪು ಬುದ್ಧಿಯ ಚೂಪು. ಅರಳು ಶಿಸ್ತಿನ ಗುರುತು: ಬಿಸಿ ತಡೆದುಕೊಂಡ ಕಾಳು ಮಾತ್ರ ಅರಳುತ್ತದೆ. ಗಣಪತಿಗೆ ಗರಿಕೆ ಏರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಮಕ್ಕಳು ಮಂಡಿಯ ಮೇಲೆ ನಡೆದು ಬಂದು ಕಾಲ ಬುಡದಲ್ಲಿ ಬಾಗಿದಾಗ ನಮ್ಮವರು ‘ಬೇಡ ಬೇಡ, ಏಳಪ್ಪಾ’ ಎಂದು ಎದ್ದು ನಿಂತು ಎತ್ತಲು ಹೋಗುತ್ತಾರೆ. ಆಗ ಹಿಂದಿನ ಸಾಲೆಲ್ಲ ಗೊಂದಲಕ್ಕೆ ಬೀಳುತ್ತದೆ. ಕುರ್ಚಿಯಲ್ಲಿ ನೆಟ್ಟಗೆ ಕೂತು, ಎರಡೂ ಕೈಯಲ್ಲಿ ಹೂ ತೆಗೆದುಕೊಂಡು, ಪಕ್ಕಕ್ಕಿಟ್ಟು, ಮುಂದಿನವರಿಗೆ ಕಾಯಬೇಕು.

ಊಟದಲ್ಲಿ ಸಸ್ಯಾಹಾರಿಗಳಿಗೆ ಎದುರಾಗುವುದು ಮೀನಿನ ರಸ, ‘ನಾಮ್ ಪ್ಲಾ’. ಬರೀ ತರಕಾರಿ ಎಂದು ಕೊಟ್ಟದ್ದರಲ್ಲೂ ಉಪ್ಪಿನ ಬದಲು ಅದೇ ಇರುತ್ತದೆ. ಪಪ್ಪಾಯಿ ಕೋಸಂಬರಿಯಂಥ ‘ಸೋಮ್ ತಮ್’ನಲ್ಲಿ ಅದರ ಜೊತೆ ಒಣ ಸೀಗಡಿಯೂ ಸೇರುತ್ತದೆ. ‘ಮಂಗ್ಸವಿರತ್’ ಎಂದರೆ ಸಸ್ಯಾಹಾರ, ಆದರೆ ಹಾಗೆಂದು ಕೇಳಿದರೂ ಮೊಟ್ಟೆ ಬರಬಹುದು. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ‘ಜೇ’ ಎಂದು ಬರೆದ ಅಂಗಡಿಯಲ್ಲಿ ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಠದ ದಾಸೋಹಕ್ಕಿಂತ ಬಿಗಿ. ಕಾಳುಬೇಳೆ, ಮಸಾಲೆಗೆ ಬ್ಯಾಂಕಾಕಿನ ಫಾಹುರತ್ ಬೀದಿ ಇದೆ. ಬೆಣ್ಣೆ ದೋಸೆಯ ಆಸೆ ಬಿಡಿ.

ಕಾಗದಪತ್ರದ ಮಾತು ಬೇಸರದ್ದು, ಆದರೆ ಹೆಚ್ಚಿನವರು ಮುಗ್ಗರಿಸುವುದು ಅಲ್ಲೇ. ನಮ್ಮ ಕಡೆ ಹೆಸರಿಗೆ ಊರು, ಅಪ್ಪನ ಹೆಸರುಗಳ ಇನಿಷಿಯಲ್ ಇರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಪದವಿ ಪತ್ರದಲ್ಲಿ ಅದು ಹೆಸರಿನ ಹಿಂದೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದದ್ದು. ಥಾಯ್ ಅಧಿಕಾರಿಯ ಕಣ್ಣಿಗೆ ಇವರು ಮೂವರು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೂ ಮೊದಲು ದಾವಣಗೆರೆ ಊರಿನಲ್ಲಿ ಹುಟ್ಟಿದವರ ಜನನ ಪತ್ರದಲ್ಲಿ ಚಿತ್ರದುರ್ಗ ಜಿಲ್ಲೆ ಎಂದಿರುತ್ತದೆ. ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ತುಂಬಿ. ಪಿಡಿಸಿ, ಅಂದರೆ ತಾತ್ಕಾಲಿಕ ಪದವಿ ಪತ್ರ, ಹಿಡಿದು ಘಟಿಕೋತ್ಸವದ ಪತ್ರ ತೆಗೆದುಕೊಳ್ಳದೇ ಇರುವವರು ಬಹಳ, ಅಲ್ಲಿ ಕೇಳುವುದು ಅದನ್ನೇ. ಅದಕ್ಕೆ ದೃಢೀಕರಣ, ಪೊಲೀಸ್ ಕ್ಲಿಯರೆನ್ಸ್, ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆ. ಒಟ್ಟು 990ರಲ್ಲಿ ಸಾಮಾನ್ಯವಾಗಿ 600 ಕೇಳುತ್ತಾರೆ, ಅಂಕಕ್ಕೆ ಎರಡು ವರ್ಷ ಆಯುಷ್ಯ. ಪ್ರವಾಸಿಯಾಗಿ ಹೋಗಿ, ಆಮೇಲೆ ನೋಡೋಣ ಎನ್ನುವ ಏಜೆಂಟರನ್ನು ನಂಬಬೇಡಿ. ಕೆಲಸದ ಪರವಾನಗಿ ಇಲ್ಲದೆ ಪಾಠ ಮಾಡುವುದು ಅಪರಾಧ, ದಂಡ 5,000ದಿಂದ 50,000 ಬಾತ್, ಮೇಲೆ ಗಡೀಪಾರು. ಪದವಿ ಪತ್ರವನ್ನೇ ನೋಡದೆ ಕೆಲಸ ಕೊಡುತ್ತೇವೆ ಎಂದು ಮ್ಯಾನ್ಮಾರ್ ಗಡಿಯ ಕಡೆ ಕರೆದರಂತೂ ಅದು ಶಾಲೆಯೇ ಅಲ್ಲ, ಮೋಸದ ಜಾಲ.

ಅಲ್ಲಿಗೆ ಹೋದ ಮೇಲೆ 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು, 15 ದಿನ ಮುಂಚಿನಿಂದ 7 ದಿನ ತಡದವರೆಗೆ ಅವಕಾಶ, ತಪ್ಪಿದರೆ 2,000 ಬಾತ್. ದಾಖಲೆಗಳಲ್ಲಿ ಬುದ್ಧ ಶಕೆ ಇರುತ್ತದೆ, 543 ಕಳೆದು ಓದಿಕೊಳ್ಳಿ: 2569 ಎಂದರೆ 2026. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಊರಿಗೆ ಬರುವುದಿದ್ದರೆ ಹೊರಡುವ ಮುನ್ನ ಮರುಪ್ರವೇಶದ ಮುದ್ರೆ ಹಾಕಿಸಿಕೊಳ್ಳಿ, ಒಂದು ಸಲಕ್ಕೆ 1,000 ಬಾತ್. ಮರೆತು ವಿಮಾನ ಹತ್ತಿದರೆ ವರ್ಷದ ವೀಸಾ ವಿಸ್ತರಣೆಯೇ ರದ್ದು.

ಶಾಲೆ ಶುರುವಾಗುವುದು ಮೇ ಮಧ್ಯದಲ್ಲಿ, ಎರಡನೇ ಅವಧಿ ನವೆಂಬರಿನಲ್ಲಿ. ಮೇ ತಿಂಗಳಿಗೆ ಕೆಲಸ ಬೇಕಿದ್ದರೆ ಹೆಸರು ತಿದ್ದಿಸುವ, ದೃಢೀಕರಣದ ಓಡಾಟ ದೀಪಾವಳಿ ಮುಗಿದ ಕೂಡಲೇ ಆರಂಭವಾಗಬೇಕು. ಸಹಿ ಹಾಕುವಾಗ ಒಪ್ಪಂದ ಹತ್ತು ತಿಂಗಳಿನದೋ ಹನ್ನೆರಡರದೋ ಎಂದು ನೋಡಿ. ಹತ್ತರದ್ದಾದರೆ ಬೇಸಿಗೆ ರಜೆಗೆ ಸಂಬಳವಿಲ್ಲ, ಬಾಡಿಗೆ ಮಾತ್ರ ತಪ್ಪದೆ ಕಟ್ಟಬೇಕು.