ಬೀಗರಿಗೆ ಬಡಿಸಿದ ಹೋಳಿಗೆ

ಊಟಿಗೆ ಹೋಗಿ ಬಂದವರು ಚಾಕೊಲೇಟ್ ತರುತ್ತಾರೆ, ವರ್ಕಿ ತರುತ್ತಾರೆ. ನಮ್ಮ ಎದುರುಮನೆಯವರು ವಿಂಟರ್‌ಗ್ರೀನ್ ಅನ್ನೋ ಗಿಡದ ಸೊಪ್ಪಿನ ಎಣ್ಣೆಯ ಸೀಸೆ ತಂದುಕೊಟ್ಟರು. "ಮಂಡಿಗೆ ಹಚ್ಕೊಳ್ಳಿ ಸಾರ್, ವಯಸ್ಸಾಯ್ತಲ್ಲ" ಅಂದರು. ಮಂಡಿನೋವು ಅಂತ ನಾನು ಯಾರ ಹತ್ತಿರವೂ ಅಂದಿರಲಿಲ್ಲ.

ಈ ಎಣ್ಣೆ ಮೇಲೆ ನನಗೆ ಹಳೇ ಸಿಟ್ಟಿದೆ. ಕಾರಣ ನಮ್ಮ ಸೋದರತ್ತೆ. ಸೊಂಟಕ್ಕೆ ಸದಾ ಸಿಕ್ಕಿಸಿಕೊಂಡ ಸೀಸೆ. ಯಾರಾದರೂ "ಅಮ್ಮಾ" ಅಂತ ಕೂತರೆ ಸಾಕು, ಕೇಳದೆಯೇ ತಿಕ್ಕಲು ಶುರು. ಚಿಕ್ಕಮ್ಮನ ಮದುವೆಯ ಹಿಂದಿನ ರಾತ್ರಿ ಅಜ್ಜಿಯ ಕಾಲು ತಿಕ್ಕಿದರು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಹಾಗೇ ಬಂದು ಹೂರಣದ ಉಂಡೆ ಕಟ್ಟಲು ಕೂತರು. ಮರುದಿನ ಗಂಡಿನ ಕಡೆಯ ಪಂಕ್ತಿ. ಒಂದು ಹುಡುಗ ಹೋಳಿಗೆ ಕಚ್ಚಿ, "ಅಮ್ಮಾ, ಇದಕ್ಕೆ ಪೇಸ್ಟ್ ಹಾಕಿದಾರೆ" ಅಂದ. ಬೀಗರೊಬ್ಬರು ಮೂಸಿ, "ಏಲಕ್ಕಿ ಎಲ್ಲಿಂದು?" ಅಂತ ಕೇಳಿದರು. ಅತ್ತೆ ಕಣ್ಣು ಮಿಟುಕಿಸದೆ, "ಸಕಲೇಶಪುರದ್ದು, ಘಾಟು ಜಾಸ್ತಿ. ಇನ್ನೊಂದು ಹಾಕ್ಲಾ?" ಅಂದರು. ಬೀಗರು ಹಾಕಿಸಿಕೊಂಡರು ಕೂಡ! ಹುಡುಗ ಮಾತ್ರ ಸರಿಯಾಗೇ ಹೇಳಿದ್ದ. ಟೂತ್‌ಪೇಸ್ಟಿಗೂ ಚ್ಯೂಯಿಂಗ್ ಗಮ್ಮಿಗೂ ಇದೇ ಘಮವನ್ನು ಚೂರೇ ಚೂರು ಸೇರಿಸುವುದುಂಟು.

ಚೂರು ಅಂದರೆ ಚೂರೇ. ಈ ಎಣ್ಣೆಯ ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್, ಆಸ್ಪಿರಿನ್ನಿನ ನೆಂಟ. ಒಂದು ಟೀ ಚಮಚ, ಅಂದರೆ 5 ಮಿ.ಲೀ. ಹೊಟ್ಟೆಗೆ ಹೋದರೆ 325 ಮಿ.ಗ್ರಾಂ.ನ 20ಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆ ನುಂಗಿದಂತೆ. ಮಗುವಾದರೆ ಪ್ರಾಣಕ್ಕೇ ಸಂಚಕಾರ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತಗೊಳ್ಳುವವರು ಮೈಗೆ ಹಚ್ಚುವ ಮೊದಲೂ ಡಾಕ್ಟರನ್ನು ಕೇಳಬೇಕು.

ಗಿಡದ್ದೇನೂ ತಪ್ಪಿಲ್ಲ ಬಿಡಿ. ನೀಲಗಿರಿ ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡಿನ ಅಂಚಿನಲ್ಲಿ ತನ್ನ ಪಾಡಿಗೆ ತಾನು ವರ್ಷವಿಡೀ ಹಸಿರಾಗಿರುತ್ತದೆ. ದಪ್ಪ ಎಲೆ, ಗರಗಸದಂಥ ಅಂಚು. ಹೊಸಕಿದರೆ ಥೇಟ್ ಬಾಮ್ ಡಬ್ಬಿಯ ಮುಚ್ಚಳ ತೆಗೆದ ಹಾಗೆ. ಆದರೆ ಊಟಿ ಎಣ್ಣೆ ಅಂದರೆ ಆಸ್ಟ್ರೇಲಿಯಾದಿಂದ ಬಂದ ಯೂಕಲಿಪ್ಟಸ್ ಮರದ್ದೇ ಹೆಸರು. ಊಟಿ ಬೆಟ್ಟದ್ದೇ ಆದ ಈ ಪೊದೆಯನ್ನು ಕೇಳುವವರಿಲ್ಲ.

ಮೈ ಉರಿಯುವುದು ಸೀಸೆಯ ಚೀಟಿ ಓದಿದಾಗ. ಮಂಡಿ, ಸೊಂಟ, ನೆಗಡಿ, ತಲೆನೋವು, ಉಳುಕು. ಇನ್ನಷ್ಟು ಜಾಗ ಇದ್ದಿದ್ದರೆ ಕೋರ್ಟ್ ಕೇಸನ್ನೂ ಸೇರಿಸುತ್ತಿದ್ದರೇನೋ. ಹಚ್ಚಿದ ಕಡೆ ಬಿಸಿಯಾಗಿ ಉಳುಕಿನ ನೋವು ಸ್ವಲ್ಪ ಹೊತ್ತು ಕಮ್ಮಿಯಾಗುತ್ತದೆ, ಒಪ್ಪಿದೆ. ಸವೆದ ಮಂಡಿ ಮೊದಲಿನಂತಾಗುತ್ತಾ? ಮೇಲೆ ದಪ್ಪಕ್ಷರದಲ್ಲಿ 'ಪ್ಯೂರ್' ಬೇರೆ! ಇದೇ ಮೀಥೈಲ್ ಸ್ಯಾಲಿಸಿಲೇಟನ್ನು ಕಾರ್ಖಾನೆಯಲ್ಲಿ ಅಗ್ಗವಾಗಿ ಮಾಡುತ್ತಾರೆ, ನಮ್ಮ ಮೂಗಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನೂರು ಕೆಜಿ ಸೊಪ್ಪು ಬಟ್ಟಿ ಇಳಿಸಿದರೆ ಒಂದು ಕೆಜಿ ಎಣ್ಣೆ ಸಿಕ್ಕರೆ ಹೆಚ್ಚು. ಊಟಿಯ ಅಂಗಡಿ ಅಂಗಡಿಯಲ್ಲೂ ಸಾಲಾಗಿ ನಿಂತ ಸೀಸೆಗಳಿಗೆಲ್ಲ ಅಷ್ಟು ಸೊಪ್ಪನ್ನು ಯಾವ ಬೆಟ್ಟದಲ್ಲಿ ಕೊಯ್ದರೋ, ಅಂಗಡಿಯವರೇ ಹೇಳಬೇಕು.